ಕತ್ತರಿ ಆಡುವ ಬೆಳಕು

"ಈ ಚಸ್ಮಾದ ನಂಬರ್ ಯಾರು ಕೊಟ್ಟಾರ?" ಎಂದು ಡಾಕ್ಟರ್ ಬಿಂದುಮಾಧವ ಕೇಳಿದಾಗ ಬಾಬುಸಾಬ ಕಂಪ್ಯೂಟರಿನ ಪರದೆಯನ್ನು ನೋಡುತ್ತಿದ್ದ. ಅದರ ಮೇಲೆ ಅವನ ಮಗಳು ಹುಸ್ನಾಳ ಎರಡು ಕಣ್ಣುಗಳು ಎರಡು ದುಂಡನೆಯ ನಕಾಶೆಗಳಾಗಿ ಬಿದ್ದಿದ್ದವು. ಅಂಚಿಗೆ ನೀಲಿ, ಒಳಗೆ ಹಸಿರು, ಅದರೊಳಗೆ ಹಳದಿ, ನಡುವಿಗಿಂತ ತುಸು ಕೆಳಗೆ ಹುಣ್ಣಾದಂತೆ ಕೆಂಪು. ಇಪ್ಪತ್ತೆರಡು ವರ್ಷ ಧಾರವಾಡದಲ್ಲಿ ಚಸ್ಮಾದ ಅಂಗಡಿ ನಡೆಸಿ ಸಾವಿರಾರು ಕಣ್ಣುಗಳೊಳಗೆ ಇಣುಕಿದ್ದ ಅವನಿಗೆ ಕಣ್ಣಿಗೂ ಏರು ಇಳಿಜಾರು ಇರುತ್ತವೆ ಎಂಬುದು ಎಂದೂ ಹೊಳೆದಿರಲಿಲ್ಲ. ಡಾಕ್ಟರರ ಕೈಯಲ್ಲಿ ತಿರುಗುತ್ತಿದ್ದ ಚಸ್ಮಾದ ಫ್ರೇಮು ಅವನೇ ಆರಿಸಿದ್ದು. ಅದರ ತಿರುಪುಗಳನ್ನು ಬಿಗಿದದ್ದೂ ಅವನೇ. ಬಲಗಡೆಯ ಕಾಲನ್ನು ಅವಳ ಕಿವಿಗೆ ಹೊಂದುವಂತೆ ಬಿಸಿ ಮಾಡಿ ಬಾಗಿಸಿದ ಗುರುತು ಇಲ್ಲಿಂದಲೇ ಕಾಣುತ್ತಿತ್ತು. ನಾನೇ ರೀ, ಎನ್ನಬೇಕು. ಎರಡೇ ಮಾತು. ಬಾಯಿ ತೆರೆಯುವಷ್ಟರಲ್ಲಿ ಹುಸ್ನಾ, "ಕಾಲೇಜ್ ಹತ್ರ ಒಂದ ಅಂಗಡಿ ಐತ್ರಿ ಸರ್, ಅಲ್ಲೆ ಮಾಡಿಸಿದ್ದೆ" ಎಂದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟು ಸಲೀಸಾಗಿ ಹೇಳಿದಳೆಂದರೆ ಒಂದು ಗಳಿಗೆ ಬಾಬುಸಾಬನಿಗೂ ಅಂಥದೊಂದು ಅಂಗಡಿ ಇದ್ದರೂ ಇರಬಹುದು ಅನ್ನಿಸಿತು.

"ಎಷ್ಟು ಸರ್ತಿ ಬದಲಿ ಮಾಡ್ಯಾರ?"

"ಎರಡು ವರ್ಷದಾಗ ನಾಕು ಸರ್ತಿ ರೀ."

"ನಾಕು ಸರ್ತಿ!" ಡಾಕ್ಟರು ಚಸ್ಮಾವನ್ನು ಮೇಜಿನ ಮೇಲಿಟ್ಟು ಬಾಬುಸಾಬನತ್ತ ನೋಡಿದರು. "ಪ್ರತಿ ಸಲ ಸಿಲಿಂಡರ್ ನಂಬರ್ ಏರಿಸ್ಕೋತ ಹೋಗ್ಯಾರ ನೋಡ್ರಿ. ಒಮ್ಮೆರೆ ದವಾಖಾನಿಗೆ ತೋರಸ್ರಿ ಅಂತ ಹೇಳಿಲ್ಲ. ಕಾಣಲಿಲ್ಲಾ, ಇನ್ನೊಂದು ಕಾಚು ಹಾಕು. ಮತ್ತ ಕಾಣಲಿಲ್ಲಾ, ಮತ್ತೊಂದು ಹಾಕು. ನೀವಾದ್ರೂ ಕೇಳಬೇಕಾಗಿತ್ತು, ತಂದಿ ಇದ್ದೀರಿ."

"ಹೌದ್ರಿ," ಎಂದ ಬಾಬುಸಾಬ. ಕೆಳಗೆ ಚೀಟಿ ಮಾಡಿಸುವಾಗ ಉದ್ಯೋಗ ಎಂಬಲ್ಲಿ ಅವನು 'ವ್ಯಾಪಾರ' ಎಂದಷ್ಟೇ ಬರೆದಿದ್ದ. ಯಾಕೆ ಹಾಗೆ ಬರೆದೆ? ಆಗ ಏನೂ ಗೊತ್ತಿರಲಿಲ್ಲವಲ್ಲ. ಗೊತ್ತಿರಲಿಲ್ಲವೇ?

ಡಾಕ್ಟರು ಹೇಳುತ್ತ ಹೋದರು. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಪದರ ಇರುತ್ತದೆ, ಕಾರ್ನಿಯಾ ಅಂತ. ಇವಳದು ತೆಳ್ಳಗಾಗುತ್ತ ಮುಂದಕ್ಕೆ ಮೊನಚಾಗುತ್ತಿದೆ. ಈ ರೋಗಕ್ಕೆ ಕೆರಟೋಕೋನಸ್ ಅನ್ನುತ್ತಾರೆ. ಕಣ್ಣು ಉಜ್ಜುವ ಚಟ ಇದ್ದವರಿಗೆ ಲಗೂನ ಏರುತ್ತದೆ. ಬಲಗಣ್ಣು ಇನ್ನೂ ಕೈಯೊಳಗಿದೆ, ಔಷಧಿಯ ಹನಿ ಹಾಕಿ ಮೇಲೆ ಒಂದು ಥರದ ಬೆಳಕು ಬಿಟ್ಟು ಆ ಪದರವನ್ನು ಗಟ್ಟಿ ಮಾಡಬಹುದು. "ಹೋದದ್ದು ಬರೂದಿಲ್ಲ. ಇದ್ದದ್ದು ಉಳೀತದ. ಅಷ್ಟ." ಎಡಗಣ್ಣು ಅದನ್ನು ತಾಳಲಾರದಷ್ಟು ತೆಳ್ಳಗಾಗಿದೆ. ಅದಕ್ಕೆ ಸದ್ಯ ಕಣ್ಣೊಳಗೆ ಇಡುವ ಗಟ್ಟಿ ಲೆನ್ಸು. ಅದೂ ನಿಲ್ಲದಿದ್ದರೆ ಮುಂದೆ ಯಾರಾದರೂ ತೀರಿಕೊಂಡವರ ಕಣ್ಣಿನ ಪದರ ತಂದು ಹೊಲಿಯಬೇಕಾದೀತು. "ಒಂದು ವರ್ಷ ಮೊದಲ ಬಂದಿದ್ರ ಎರಡೂ ಕಣ್ಣಿಗೆ ಮಾಡಬಹುದಿತ್ತು" ಎಂದರು ಡಾಕ್ಟರು. ಬಯ್ಯುವ ದನಿಯಲ್ಲಲ್ಲ, ಬಸ್ಸು ಹೋಗಿ ಹತ್ತು ನಿಮಿಷವಾಯಿತು ಎಂದಂತೆ. ಬಾಗಿಲ ತನಕ ಬಂದವನಿಗೆ ಹಿಂದಿನಿಂದ ಕೇಳಿದ್ದು ಇನ್ನೊಂದು ಮಾತು. ಪಕ್ಕದಲ್ಲಿ ಕಲಿಯಲು ನಿಂತಿದ್ದ ಹುಡುಗಿಗೆ ಡಾಕ್ಟರು ಹೇಳುತ್ತಿದ್ದರು: "ಇಷ್ಟು ದೊಡ್ಡ ಮಶೀನು ಬೇಕಂತಿಲ್ಲ. ರೆಟಿನೋಸ್ಕೋಪ್ ಬೆಳಕು ಬಿಟ್ಟು ನೋಡಿದ್ರೂ ತಿಳೀತದ. ಒಳಗಿನ ಬೆಳಕು ಕತ್ತರಿ ಆಡಿದಂಗ ಆಡ್ತದ."

ಕತ್ತರಿ. ಔಷಧಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಾಗ ಆ ಶಬ್ದ ಅವನ ತಲೆಯಲ್ಲಿ ಬಾಯಿ ತೆರೆದು ಮುಚ್ಚುತ್ತಿತ್ತು. ಕಿಟಕಿಯ ಒಳಗಿದ್ದ ಹೆಣ್ಣುಮಗಳ ಚಸ್ಮಾ ಎಡಕ್ಕೆ ವಾಲಿತ್ತು. ಅದನ್ನು ತೆಗೆದು ಕಾಲು ಬಾಗಿಸಿ ಸರಿಮಾಡಲು ಅವನ ಬೆರಳುಗಳು ತಾವಾಗಿಯೇ ಮುಂದೆ ಹೋದವು, ಅವನು ಎರಡೂ ಕೈಗಳನ್ನು ಕಿಸೆಯೊಳಗೆ ಹಾಕಿಕೊಂಡ. ಹಫೀಜಕಾಕಾನ ಅಂಗಡಿಯಲ್ಲಿ ಅವನು ಕೆಲಸ ಕಲಿಯುತ್ತಿದ್ದಾಗ ಕಾಕಾ ಆ ರೆಟಿನೋಸ್ಕೋಪಿಗೆ ಬ್ಯಾಟರಿ ಎನ್ನುತ್ತಿದ್ದ. ಪರದೆ ಎಳೆದು, ಬ್ಯಾಟರಿಯ ಬೆಳಕನ್ನು ಗಿರಾಕಿಯ ಕಣ್ಣಿಗೆ ಬಿಟ್ಟರೆ ಒಳಗಿನಿಂದ ಕೆಂಪು ಹೊಳಪು ತಿರುಗಿ ಬರುತ್ತಿತ್ತು, ಅದು ಅತ್ತಿತ್ತ ಸರಿಯುವುದರ ಮೇಲೆ ನಂಬರು. ಒಮ್ಮೆ ನವಲಗುಂದದ ಕಡೆಯವನೊಬ್ಬನ ಕಣ್ಣು ತೋರಿಸಿ ಕಾಕಾ, "ನೋಡಪಾ, ಬೆಳಕು ಸೀದಾ ಸರಿಯಾಕತ್ತಿಲ್ಲ, ಕತ್ತರಿ ಹಂಗ ತೆರದು ಮುಚ್ಚಾಕತ್ತೈತಿ. ಇಂಥಾದ್ದು ಕಂಡ್ರ ನಂಬರ್ ಬರಿಬ್ಯಾಡ. ದೊಡ್ಡ ದವಾಖಾನಿಗೆ ಕಳಸು. ಅದು ನಮ್ಮ ಕೆಲಸ ಅಲ್ಲ" ಅಂದಿದ್ದ. ಆಗ ಬಾಬುಸಾಬನಿಗೆ ಹತ್ತೊಂಬತ್ತು. ಕಾಕಾ ಹೋದ, ಕಂಪ್ಯೂಟರ್ ಮಶೀನು ಬಂತು, ಗುಂಡಿ ಒತ್ತಿದರೆ ನಂಬರು ಚೀಟಿಯ ಮೇಲೆ ಅಚ್ಚಾಗಿ ಬೀಳತೊಡಗಿತು. ಬ್ಯಾಟರಿ ಕೆಳಗಿನ ಖಾನೆ ಸೇರಿತು.

ಹುಸ್ನಾಳನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ದಸರಾದ ಆಚೀಚೆ. ಮಶೀನು ಅವಳ ಎಡಗಣ್ಣಿಗೆ ನಂಬರು ಕೊಡದೆ ಬರೀ ಗೆರೆ ಗೆರೆ ತೋರಿಸಿತು. ಇನ್ನೊಮ್ಮೆ ಒತ್ತಿದ, ನಾಲ್ಕೂವರೆ ಅಂದಿತು. ಮತ್ತೊಮ್ಮೆ, ಆರು. "ತಲಿ ಅಲುಗಾಡಸಬ್ಯಾಡ ಅಂದ್ರ ತಿಳಿಯೂದಿಲ್ಲೇನು" ಎಂದು ಅವಳ ನೆತ್ತಿಯ ಮೇಲೆ ಒಂದು ಬಿಟ್ಟಿದ್ದ. ಮೆಲ್ಲಗೆ. ಮೆಲ್ಲಗೆಯೇ? ನಂತರ ಮಶೀನಿನ ತಲೆಗೂ ಒಂದು ಬಿಟ್ಟ. ಆಮೇಲೆ ಕೆಳಗಿನ ಖಾನೆ ತೆಗೆದು ಬ್ಯಾಟರಿ ಹಿಡಿದನೇ? ಈಗ ಕಣ್ಣು ಮುಚ್ಚಿದರೆ ಮಗಳ ಕಪ್ಪು ಪಾಪೆಯೊಳಗೆ ಕೆಂಪು ಹೊಳಪು ಕತ್ತರಿಯಂತೆ ಆಡುವುದು ಸ್ಪಷ್ಟ ಕಾಣುತ್ತಿತ್ತು. ಆದರೆ ಅದು ಆ ದಿನ ಕಂಡದ್ದೋ, ಹತ್ತು ನಿಮಿಷದ ಹಿಂದೆ ಡಾಕ್ಟರರ ಬಾಯಿಂದ ಕೇಳಿದ ಮೇಲೆ ಮೂಡಿದ್ದೋ? ಕಂಡಿದ್ದರೆ ಹೇಗೆ ಸುಮ್ಮನಿದ್ದೆ? ಕಾಣದಿದ್ದರೆ ಇಷ್ಟು ಖರೇ ಹೇಗೆ ಕಾಣುತ್ತಿದೆ? "ರೀ, ನಿಮ್ಮ ಚೀಟಿ ಕೊಡ್ರಿ, ಹಿಂದ ಮಂದಿ ನಿಂತಾರ" ಎಂದಳು ಕಿಟಕಿಯ ಹೆಣ್ಣುಮಗಳು, ವಾಲಿದ ಚಸ್ಮಾದ ಮೇಲಿನಿಂದ ನೋಡುತ್ತ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮರಳುವ ಚಿಗರಿ ಬಸ್ಸಿನಲ್ಲಿ ಹುಸ್ನಾ ಕಿಟಕಿಯ ಪಕ್ಕ ಕುಳಿತಳು. ಉಣಕಲ್ ಕೆರೆ ಬಂದಾಗ ನೀರಿನ ಮೇಲಿನ ಬಿಸಿಲು ಚುಚ್ಚಿತೆಂದು ಮುಖ ತಿರುಗಿಸಿ, ರೂಢಿಯಂತೆ ಗೆಣ್ಣುಗಳಿಂದ ಕಣ್ಣು ಉಜ್ಜಹೋದಳು. ಬಾಬುಸಾಬ ಆ ಕೈ ಹಿಡಿದುಕೊಂಡ. ಬಿಡಲಿಲ್ಲ. "ಅಪ್ಪಾ, ಮಂದಿ ನೋಡಾಕತ್ತಾರ" ಎಂದಳು. ಹದಿನೆಂಟು ವರ್ಷದ ಮಗಳ ಕೈಯನ್ನು ಹೀಗೆ ಹಿಡಿದು ಎಷ್ಟು ಕಾಲವಾಗಿತ್ತು ಎಂದು ಅವನಿಗೆ ತಿಳಿಯಲಿಲ್ಲ. ಅವಳ ಪ್ರಯೋಗದ ಪರೀಕ್ಷೆಯಲ್ಲಿ ಅಳತೆಯ ಗಾಜಿನ ಕೊಳವೆಯ ಗೆರೆ ತಪ್ಪು ಓದಿದಳೆಂದು ಮೇಡಂ ಎಲ್ಲರೆದುರು ಬಯ್ದಾಗ ಅವನೂ ಮನೆಯಲ್ಲಿ "ಲಕ್ಷ್ಯ ಎಲ್ಲಿರತೈತಿ ನಿಂದು?" ಅಂದಿದ್ದ.

"ರಾತ್ರಿ ಚಂದ್ರ ಎಷ್ಟು ಕಾಣ್ತಾವ ನಿನಗ?" ಎಂದು ಕೇಳಿದ.

"ಏಳೆಂಟು. ಒಂದರ ಮ್ಯಾಲ ಒಂದು ಇಟ್ಟಂಗ." ಅವಳು ನಕ್ಕಳು. "ಎಲ್ಲಾರಿಗೂ ಹಂಗ ಕಾಣ್ತೈತಿ ಅಂದ್ಕೊಂಡಿದ್ದೆ ನಾ."

ಅಂಗಡಿಯ ಬಗ್ಗೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಲು ಅವನು ನವಲೂರು ದಾಟುವವರೆಗೂ ಮಾತು ಕೂಡಿಸಿದ. ಆ ಪ್ರಶ್ನೆ ಕೇಳಿದರೆ ಅವಳು ಉತ್ತರ ಹೇಳಿಬಿಡುತ್ತಾಳೆ ಎಂಬುದೇ ಅಂಜಿಕೆ. ಧಾರವಾಡದಲ್ಲಿ ಇಳಿದು, ಅವಳನ್ನು ಮಾಳಮಡ್ಡಿಯ ಮನೆಗೆ ಆಟೋ ಹತ್ತಿಸಿ, ತಾನು ಅಂಗಡಿಗೆ ನಡೆದ.

ಅಂಗಡಿಯ ಕಟ್ಟೆಯ ಮೇಲೆ ಸತ್ಯವ್ವ ಎಂಬ ಮುದುಕಿ ಕಣ್ಣು ತೋರಿಸಲು ಕುಳಿತಿದ್ದಳು. ಅವನು ಶಟರ್ ಎತ್ತಿದ, ಅವಳನ್ನು ಒಳಗೆ ಕರೆದು ಕೂಡಿಸಿದ, ಗದ್ದ ಇಡುವಲ್ಲಿ ಕಾಗದ ಬದಲಿಸಿದ. ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಾಗಲಿಲ್ಲ. ಬಿಳಿ ಪೊರೆಯ ಅಂಚಿದ್ದ ಆ ಹಳೆಯ ಕಣ್ಣು ನಂಬಿಕೆಯಿಂದ ತೂತಿನೊಳಗೆ ನೋಡುತ್ತಿತ್ತು. ಇದರಲ್ಲಿ ಏನಿದೆ ಎಂದು ನನಗೇನು ಗೊತ್ತು, ಇಷ್ಟು ವರ್ಷ ಏನು ಗೊತ್ತಿತ್ತು ಎಂದು ಒತ್ತುತ್ತಿದ್ದೆ?

"ಯಾಕೋ ತಮ್ಮಾ, ಮಶೀನ್ ಕೆಟ್ಟೈತೇನು?"

"ಹೂಂ ಬೇ, ಕೆಟ್ಟೈತಿ. ನೀ ಸಿವಿಲ್ ದವಾಖಾನಿಗೆ ಹೋಗಿ ತೋರಸು."

"ಅಲ್ಲಿ ಪಾಳಿ ಹಚ್ಚಾಕ ನನ್ನ ಕಾಲು ಎಲ್ಲಿ ಅದಾವೋ," ಎನ್ನುತ್ತ ಮುದುಕಿ ಗೋಡೆ ಹಿಡಿದು ಇಳಿದು ಹೋದಳು.

ಅವನು ನಂಬರು ಬರೆದಿಡುವ ವಹಿ ತೆಗೆದ. ಹುಸ್ನಾಳ ಹೆಸರು ಹುಡುಕಬೇಕೆಂದಿದ್ದ, ಆದರೆ ಬೆರಳು ಅದಕ್ಕಿಂತ ಎರಡು ಹಾಳೆ ಮೊದಲೇ ನಿಂತಿತು. ಜಯಾ, ಸಪ್ತಾಪುರ. ಶ್ರಾವಣದಲ್ಲಿ ಮೂರನೆಯ ಸಲ ಬಂದಿದ್ದಳು. ಸವದತ್ತಿ ಕಡೆಯ ಹುಡುಗಿ, ಪಿಎಸ್ಐ ಪರೀಕ್ಷೆಗೆ ಓದಲು ಸಪ್ತಾಪುರದಲ್ಲಿ ಖೋಲಿ ಹಿಡಿದಿದ್ದಳು. "ಅಣ್ಣಾರ, ಈ ಚಸ್ಮಾ ಹಾಕ್ಕೊಂಡ್ರೂ ಅಕ್ಷರದ ಬಾಜೂಕ ಇನ್ನೊಂದು ಅಕ್ಷರದ ನೆಳ್ಳು ಬೀಳತೈತ್ರಿ" ಅಂದಿದ್ದಳು. ಮಶೀನು ಗೆರೆ ಗೆರೆ ತೋರಿಸಿತ್ತು. ಅವನು ಖಾನೆಯಿಂದ ಬ್ಯಾಟರಿ ತೆಗೆದು ಪರದೆ ಎಳೆದಿದ್ದ. ಇದರಲ್ಲಿ ಗೊಂದಲವಿಲ್ಲ, ಯಾಕೆಂದರೆ ಕೆಂಪು ಹೊಳಪು ವಿಚಿತ್ರವಾಗಿ ಒಡೆದು ಕೂಡಿದ್ದನ್ನು ನೋಡಿ ಸೆಲ್ಲು ಇಳಿದಿರಬೇಕು ಎಂದುಕೊಂಡಿದ್ದ, ಎದುರಿನ ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದ್ದ, ಮತ್ತೆ ನೋಡಿದ್ದ. ಮತ್ತೆ ಹಾಗೆಯೇ ಆಡಿತ್ತು. ಕಾಕಾನ ಮಾತು ನೆನಪಾಯಿತೇ? ಏನೋ ಒಂದು ನೆನಪಾಗಲು ಬಂದು ಬಾಗಿಲಲ್ಲಿ ನಿಂತಂತೆ ಆಗಿತ್ತು, ಅವನು ಒಳಗೆ ಕರೆಯಲಿಲ್ಲ. ಹೊರಗೆ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. ಗೊತ್ತಿಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ. "ಹಗಲೂ ರಾತ್ರಿ ಓದತೀರಿ, ಕಣ್ಣು ದಣದಾವು. ಹೊಸಾ ನಂಬರಿಗೆ ಹೊಂದಾಕ ಹದಿನೈದು ದಿವಸ ಬೇಕು" ಎಂದು ಬರೆದುಕೊಟ್ಟಿದ್ದ. ಅವಳು ಮತ್ತೆ ಬರಲಿಲ್ಲ. ಹೊಂದಿಕೊಂಡಿರಬೇಕು ಎಂದುಕೊಂಡು ಖುಷಿಪಟ್ಟಿದ್ದ.

ಶ್ರಾವಣ ಮೊದಲು, ದಸರಾ ಆಮೇಲೆ. ಜಯಾ ಮೊದಲು, ಹುಸ್ನಾ ಆಮೇಲೆ. ವಹಿಯ ಮೇಲೆ ಎರಡು ಬೆರಳಿಟ್ಟುಕೊಂಡು ಅವನು ಬಹಳ ಹೊತ್ತು ಕುಳಿತ. ಅಂದರೆ ಮಗಳನ್ನು ಮಶೀನಿನ ಮುಂದೆ ಕೂಡಿಸಿದಾಗ ಅವನು ಆ ಕತ್ತರಿಯನ್ನು ಒಮ್ಮೆ ಕಂಡು ದಾಟಿ ಬಂದಿದ್ದ. ಕಂಡದ್ದನ್ನು ಕಾಣಲಿಲ್ಲ ಎಂದು ಒಮ್ಮೆ ಅಂದುಕೊಂಡವನಿಗೆ ಎರಡನೆಯ ಸಲ ಏನು ಕಷ್ಟ? ಇಲ್ಲ, ಮಗಳ ಕಣ್ಣಿಗೆ ಬ್ಯಾಟರಿ ಹಿಡಿಯಲೇ ಇಲ್ಲ. ಹಿಡಿಯಲಿಲ್ಲ ಯಾಕೆ? ಏನು ಕಂಡೀತು ಎಂದು ಗೊತ್ತಿತ್ತೇ? ವಹಿಯಲ್ಲಿದ್ದ ಫೋನಿಗೆ ಮೂರು ಸಲ ಹಚ್ಚಿದ. ಬಂದ್ ಇತ್ತು. ಶಟರ್ ಎಳೆದು ಸ್ಕೂಟರ್ ಹತ್ತಿದ.

ಸಪ್ತಾಪುರದಲ್ಲಿ ಹುಡುಗಿಯರು ಖೋಲಿ ಹಿಡಿದಿರುವ ಮನೆಗಳನ್ನು ಕೇಳುತ್ತ ಹೋಗುವುದು ನಲವತ್ತೆಂಟರ ಗಂಡಸಿಗೆ ಸುಲಭವಲ್ಲ. ಒಂದು ಮನೆಯ ಯಜಮಾನಿ "ನೀವು ಯಾರು, ಅಕಿಗೇನಾಗಬೇಕು?" ಎಂದು ಮೇಲಿಂದ ಕೆಳಗೆ ನೋಡಿದಳು. "ಚಸ್ಮಾ ಕೊಡೂದೈತ್ರಿ" ಎಂದ. ಇಂದು ಎಲ್ಲರೂ ಅವನ ಸಲುವಾಗಿ ಸುಳ್ಳು ಹೇಳಬೇಕಾಗಿ ಬಂದಿದೆ, ತಾನೂ ಸೇರಿ. ಕೊನೆಗೆ ಒಂದು ಮನೆಯ ಹೊರಮೆಟ್ಟಿಲು ತೋರಿಸಿದರು. ಮೇಲೆ ಬಾಗಿಲ ಮುಂದೆ ಏಳೆಂಟು ಜೊತೆ ಚಪ್ಪಲಿ. ಜಯಾ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ಹೊರಗೆ ಬಂದಳು. ಅವನನ್ನು ಗುರುತಿಸಲು ತಲೆಯನ್ನು ಸ್ವಲ್ಪ ಓರೆ ಮಾಡಿ ಕಣ್ಣು ಕಿರಿದು ಮಾಡಿದಳು. ಹುಸ್ನಾ ಕೂಡ ಹೀಗೆಯೇ ಮಾಡುತ್ತಾಳೆ ಎಂಬುದು ಅವನಿಗೆ ಈಗ ತಿಳಿಯಿತು. ಇಷ್ಟು ದಿನ ಅದನ್ನು ಅವಳ ಚಂದದ ಒಂದು ರೀತಿ ಎಂದುಕೊಂಡಿದ್ದ.

"ಚಸ್ಮಾದ ಅಂಗಡಿ ಅಣ್ಣಾರ? ಏನ್ರಿ ಇಲ್ಲೆ?"

ಅವನು ಹೇಳಿದ. ಮೆಟ್ಟಿಲ ಮೇಲೆ ನಿಂತೇ ಹೇಳಿದ. ರೋಗದ ಹೆಸರು ಹೇಳುವಾಗ ತಡವರಿಸಿದ. ತನ್ನ ಮಗಳಿಗೆ ಆಗಿದೆ, ನಿಮಗೂ ಇರಬಹುದು, ಶ್ರಾವಣದಲ್ಲಿ ನೋಡಿದಾಗಲೇ ಸಂಶಯ ಬರಬೇಕಿತ್ತು. ಅವಳು ನಡುವೆ ತಡೆದಳು.

"ಬರಬೇಕಿತ್ತೋ, ಬಂದಿತ್ತೋ?"

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ. "ಬಂದಿತ್ತು," ಎಂದ ಬಾಬುಸಾಬ.

ಜಯಾ ಪುಸ್ತಕದಿಂದ ಬೆರಳು ತೆಗೆದಳು. ಅವನು ಅವಳ ಬಯ್ಗುಳಕ್ಕೆ ಸಿದ್ಧನಾಗಿ ನಿಂತ. ಬಂದರೆ ಒಳ್ಳೆಯದಿತ್ತು. ಅವಳು ಬಹಳ ಮೆಲ್ಲನೆಯ ದನಿಯಲ್ಲಿ, ಒಳಗಿನ ಗೆಳತಿಯರಿಗೆ ಕೇಳಬಾರದೆಂಬಂತೆ, "ಲಿಖಿತ ಪರೀಕ್ಷಾಕ್ಕ ಇನ್ನ ಹನ್ನೆರಡು ದಿವಸ ಐತಿ. ಅದಾದಮ್ಯಾಲೆ ಮೆಡಿಕಲ್. ಅಲ್ಲೆ ಕಣ್ಣು ನೋಡತಾರ" ಎಂದಳು. "ಈಗ ದವಾಖಾನಿಗೆ ಹೋದ್ರ ಅವರು ಕಾಗದದ ಮ್ಯಾಲೆ ಬರೀತಾರಲ್ರಿ?"

"ಬರೀತಾರ."

"ಹಂಗಾರ ನೀವು ಯಾಕ ಬಂದ್ರಿ? ಶ್ರಾವಣದಾಗ ಹೇಳಿದ್ರ ನಾ ಬ್ಯಾರೆ ಏನರೆ ಓದತಿದ್ದೆ. ಇಲ್ಲಾ ಇನ್ನ ಎರಡು ತಿಂಗಳು ಬಿಟ್ಟು ಹೇಳಬೇಕಿತ್ತು. ನನ್ನ ಕಣ್ಣಿನ ಸಲುವಾಗಿ ಬಂದ್ರೋ, ನಿಮ್ಮ ಎದಿ ಹಗೂರ ಮಾಡ್ಕೊಳ್ಳಾಕ ಬಂದ್ರೋ?"

ಅವಳು ಒಂದು ಮೆಟ್ಟಿಲು ಇಳಿದು ಹತ್ತಿರ ಬಂದಳು. "ಒಂದ ಕೆಲಸ ಮಾಡ್ರಿ ಅಣ್ಣಾರ. ಮೆಡಿಕಲ್ ಮುಗಿಯೂತನಾ ನಡೀವಂಗ ಒಂದು ನಂಬರ್ ಮಾಡಿಕೊಡ್ರಿ. ಕೆಳಗಿನ ಸಾಲು ಕಂಡ್ರ ಸಾಕು. ಆಮ್ಯಾಲೆ ನೀವು ಹೇಳಿದ ದವಾಖಾನಿಗೆ ಹೋಕ್ಕೇನಿ. ಖರೇನ ಹೋಕ್ಕೇನಿ."

"ಆಗೂದಿಲ್ಲವ್ವಾ."

"ಆವಾಗ ಮೂರು ಸಲ ಆತಲ್ಲಾ."

"ಆಗೂದಿಲ್ಲ," ಎಂದು ಅವನು ಡಾಕ್ಟರರ ಹೆಸರು, ದವಾಖಾನೆಯ ವಿಳಾಸ ಬರೆದ ಚೀಟಿಯನ್ನು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ, ಕೆಳಗಿಳಿದ. ಇಳಿಯುವಾಗ ಹಿಂದಿನಿಂದ ಬಾಗಿಲು ಹಾಕಿದ ಸಪ್ಪಳ ಜೋರಾಗಿ ಬರಲಿ ಎಂದು ಕಾದ. ಅದು ಮೆಲ್ಲಗೆ ಹಾಕಿಕೊಂಡಿತು.

ಮನೆಯಲ್ಲಿ ಅಬೀದಾ ರೊಟ್ಟಿ ಬಡಿಯುತ್ತ, "ಎಲ್ಲಾ ಆ ಮೊಬೈಲ್ ಮಾಡಿದ್ದು. ನಾ ಬಡಕೊಂಡೆ, ಕೇಳಿದ್ರೇನು ಇಬ್ರೂ" ಎಂದಳು ಗಂಡನಿಗೆ. ಮೊಬೈಲಿಂದ ಇದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಾಬುಸಾಬ ತಿದ್ದಲಿಲ್ಲ. ತಿದ್ದಿದರೆ ಹಾಗಾದರೆ ಯಾರು ಮಾಡಿದ್ದು ಎಂದು ಕೇಳಿಯಾಳು. ಮಾಳಿಗೆಯ ಮೇಲೆ ಒಣಗಿದ ಅರಿವೆ ತೆಗೆಯುತ್ತಿದ್ದ ಹುಸ್ನಾಳ ಹತ್ತಿರ ಹೋಗಿ ನಿಂತ. ಸಂಜೆಯ ಬೆಳಕು ಇನ್ನೂ ಇತ್ತು.

"ಡಾಕ್ಟರ್ ಮುಂದ ಸುಳ್ಳ್ಯಾಕ ಹೇಳಿದಿ?"

ಅವಳು ಒಂದು ಟಾವೆಲ್ಲು ಮಡಚಿದಳು. "ನಿಮ್ಮ ಮಾರಿ ನೋಡಿದೆ. ಅದಕ್ಕ."

"ಚಸ್ಮಾ ಇಲ್ಲದ, ತಿರುಗೀನೂ ನೋಡದ, ನಿನಗ ನನ್ನ ಮಾರಿ ಏನು ಕಂಡಿತ್ತು?"

"ಕಾಣೂದು ಬ್ಯಾಡ ಅಪ್ಪಾ. ಗೊತ್ತಾಗತೈತಿ." ಮಡಚಿದ ಟಾವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಅವಳು, "ನಿಮಗೊಂದು ಹೇಳಬೇಕು. ಬೈಬಾರದು" ಎಂದಳು. "ಅಂಗಡ್ಯಾಗಿನ ಅಕ್ಷರದ ಫಲಕ ಐತಲ್ಲ, ಅದು ನನಗ ಬಾಯಿಪಾಠ ಐತಿ. ಸಣ್ಣಾಕಿ ಇದ್ದಾಗಿಂದ ಅದರ ಮುಂದ ಕುಂತು ಆಡೇನಿ. ನೀವು ಕಾಚು ಬದಲಿಸಿ ಈಗ ಓದು ಅಂತಿದ್ರಿ. ನಾ ಓದತಿದ್ದಿಲ್ಲ. ಹೇಳತಿದ್ದೆ."

"ಯಾವಾಗಿಂದ?"

"ಎರಡನೇ ಚಸ್ಮಾದಿಂದ."

"ಯಾಕ?"

"ತಪ್ಪು ಹೇಳಿದ್ರ ನೀವು ಮಶೀನಿಗೆ ಹೊಡೀತಿದ್ರಿ. ನನಗೂ ಒಮ್ಮೊಮ್ಮೆ. ಸರಿ ಹೇಳಿದ್ರ ನಿಮ್ಮ ಮಾರಿ ಅರಳತಿತ್ತು. 'ನೋಡು, ಹುಬ್ಬಳ್ಳಿ ಡಾಕ್ಟರಿಗಿಂತ ನಿಮ್ಮಪ್ಪ ಛಲೋ ಕೊಡತಾನ' ಅಂತ ಅವ್ವನ ಮುಂದ ಹೇಳತಿದ್ರಿ."

ಇದನ್ನು ಕೇಳಿ ಅವನ ಎದೆಯ ಒಂದು ಮೂಲೆ ಹಗುರಾಗಲು ಹವಣಿಸಿದ್ದು ಅವನಿಗೆ ಗೊತ್ತಾಯಿತು. ಹಾಗಾದರೆ ತಪ್ಪು ನನ್ನೊಬ್ಬನದೇ ಅಲ್ಲ, ಅವಳು ಕಂಡಿತೆಂದಳು, ನಾನು ನಂಬಿದೆ. ಆ ಹಗುರವನ್ನು ಹಿಡಿದುಕೊಳ್ಳುವಷ್ಟರಲ್ಲಿಯೇ ಅದರ ಅಡಿಗಿದ್ದದ್ದು ಮೇಲೆ ಬಂತು: ಹದಿನಾರು ವರ್ಷದ ಹುಡುಗಿಗೆ ತನಗೆ ಕಾಣುವುದಿಲ್ಲ ಎಂದು ತಂದೆಗೆ ಹೇಳುವುದಕ್ಕಿಂತ ಕುರುಡಾಗುವುದು ಸಲೀಸಾಗಿತ್ತು. ಏನು ಮಾಡಬೇಕೆಂದು ತೋಚದೆ ಹಗ್ಗದ ಮೇಲಿದ್ದ ಉಳಿದ ಅರಿವೆಗಳನ್ನು ಅವನೇ ತೆಗೆಯತೊಡಗಿದ. ಅಬೀದಾಳ ಸೀರೆ, ತನ್ನ ಪಾಯಜಾಮ, ಮಗಳ ದುಪಟ್ಟಾ. "ಅಪ್ಪಾ, ಅದು ಹಸಿ ಐತಿ" ಎಂದಳು ಹುಸ್ನಾ.

ಗುರುವಾರ ಬಲಗಣ್ಣಿಗೆ ಚಿಕಿತ್ಸೆ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಲು ಅವನನ್ನು ಒಳಗೆ ಕರೆದಾಗ ಡಾಕ್ಟರು ಹಸಿರು ಟೊಪ್ಪಿಗೆ ಹಾಕಿಕೊಂಡು ಕೈ ತೊಳೆಯುತ್ತಿದ್ದರು. ಬಾಬುಸಾಬ ಪೆನ್ನು ಹಿಡಿದೇ ಹೇಳಿದ, "ಸರ್, ಆ ನಾಕೂ ಚಸ್ಮಾ ನಾನ ಕೊಟ್ಟಿದ್ದು. ಆ ಅಂಗಡಿ ನನ್ನದ." ಎರಡು ದಿನದಿಂದ ಇದಕ್ಕೆ ಅವರ ಮುಖ ಹೇಗಾಗುತ್ತದೆ ಎಂದು ನೂರು ಥರ ನೋಡಿಕೊಂಡಿದ್ದ. ಡಾಕ್ಟರು ನಳ ಬಂದ್ ಮಾಡಲಿಲ್ಲ. ಮೊಣಕೈ ತನಕ ಸೋಪು ಹಚ್ಚುತ್ತ, "ಎಷ್ಟು ವರ್ಷ ಆತು ಅಂಗಡಿ ಇಟ್ಟು?" ಎಂದರು.

"ಇಪ್ಪತ್ತೆರಡು ರೀ."

"ಇಂಥಾವ್ರು ಇನ್ನೂ ಎಷ್ಟು ಮಂದಿ ಬಂದು ಹೋಗಿರಬೇಕು?"

ಬಯ್ದಿದ್ದರೆ ಅದನ್ನು ಹೊತ್ತುಕೊಂಡು ಹೋಗಬಹುದಿತ್ತು. ಇದು ಪ್ರಶ್ನೆ. ಅವರು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. "ಒಬ್ಬಾಕಿ ಗೊತ್ತ್ರಿ. ಹೋಗಿ ಹೇಳಿ ಬಂದೇನಿ. ಉಳದವ್ರು ಗೊತ್ತಿಲ್ಲ" ಎಂದ. "ವಹಿ ಅದಾವಲ್ಲ? ಒಂದು ಸರ್ತಿ ತಗೊಂಡು ಬರ್ರಿ, ಕೂತು ನೋಡೋಣು. ಸಹಿ ಇಲ್ಲೆ ಅಲ್ಲ, ಕೆಳಗ," ಎಂದು ಡಾಕ್ಟರು ಒಳಗೆ ಹೋದರು. ಬಾಗಿಲ ಗಾಜಿನಲ್ಲಿ ಮಗಳು ಅಂಗಾತ ಮಲಗಿದ್ದು ಕಾಣುತ್ತಿತ್ತು. ಅರ್ಧ ತಾಸು ಹಳದಿ ಹನಿ ಹಾಕಿದರು. ನಂತರ ಅವಳ ತೆರೆದ ಕಣ್ಣಿನ ಮೇಲೆ ನೀಲಿ ಬೆಳಕು ನಿಂತಿತು. ಅವಳು ರೆಪ್ಪೆ ಮಿಟುಕಿಸುವಂತಿರಲಿಲ್ಲ. ಹೊರಗೆ ನಿಂತ ಬಾಬುಸಾಬನೂ ತನ್ನ ರೆಪ್ಪೆ ಹಿಡಿದು ನಿಂತ, ನೀರು ಬಂದು ಎಲ್ಲ ಕಲಸಿಹೋಗುವವರೆಗೆ.

ನಾಲ್ಕು ದಿನ ಅವಳು ನೋವಿನಿಂದ ಗೋಡೆಗೆ ಮುಖ ಮಾಡಿ ಮಲಗಿದಳು. ನಿದ್ದೆಯಲ್ಲಿ ಕಣ್ಣು ಉಜ್ಜಿಯಾಳೆಂದು ಅಬೀದಾ ಒಂದು ಕಡೆ, ಅವನು ಒಂದು ಕಡೆ ಕುಳಿತರು. ಮೂರನೆಯ ದಿನ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಆ ವಾರವೆಲ್ಲ ಅವನಿಗೆ ಊಟ ಬಡಿಸಿ ಆಚೆ ಹೋಗಿ ಕೂಡುತ್ತಿದ್ದಳು. ಇಪ್ಪತ್ತೆರಡು ವರ್ಷದ ವಹಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಡಾಕ್ಟರರೊಡನೆ ಎರಡು ರವಿವಾರ ಕುಳಿತ. ನಂಬರು ಬೇಗ ಬೇಗ ಏರಿದ ಹನ್ನೊಂದು ಹೆಸರು ಸಿಕ್ಕವು. ಐವರಿಗೆ ಫೋನು ಹತ್ತಿತು. ಮೂವರು ಬಂದು ತೋರಿಸಿದರು, ಅವರಲ್ಲಿ ಒಬ್ಬನಿಗೆ ಇತ್ತು. ಅಂಗಡಿಯ ಮಶೀನಿನ ಮೇಲೆ ಅವನು ಅರಿವೆ ಹೊದಿಸಿದ. ಡಾಕ್ಟರರ ಚೀಟಿ ತಂದವರಿಗೆ ಮಾತ್ರ ಚಸ್ಮಾ ಎಂದ. ಗಿರಾಕಿಗಳು ಕಡಿಮೆಯಾದರು. ಮಾಡಿದ್ದು ಸರಿಯೋ, ಬರೀ ಹೆದರಿಕೆಯೋ ಎಂದು ಒಬ್ಬನೇ ಕೂತಾಗ ಗೊತ್ತಾಗುತ್ತಿರಲಿಲ್ಲ. ಜಯಾಳ ವಿಷಯ ಡಾಕ್ಟರರೇ ಒಂದು ದಿನ ಹೇಳಿದರು: ನೀವು ಚೀಟಿ ಕೊಟ್ಟ ಹುಡುಗಿ ಲಿಖಿತ ಪರೀಕ್ಷೆ ಬರೆದ ಮರುದಿನವೇ ಬಂದಿದ್ದಳು, ಅದೇ ರೋಗ, ಆದರೆ ಎರಡೂ ಕಣ್ಣು ಹಿಡಿದು ನಿಲ್ಲಿಸಿದ್ದೇವೆ. "ಪೊಲೀಸ್ ಕೆಲಸ ಮಾತ್ರ ಆಗೂದಿಲ್ಲ ಬಿಡ್ರಿ. ನಾನ ಹೇಳಿದೆ. ಅತ್ತಳು."

ಹುಸ್ನಾಳ ಎಡಗಣ್ಣಿಗೆ ಗಟ್ಟಿ ಲೆನ್ಸು ಬಂದದ್ದು ಮಾಗಿಯ ಕೊನೆಗೆ. ಮೊದಮೊದಲು ಕಣ್ಣೊಳಗೆ ಹಳ್ಳು ಬಿದ್ದಂತಾಗಿ ಅತ್ತಳು, ದಿನಕ್ಕೆ ಎರಡು ತಾಸು, ಮೂರು ತಾಸು ಎಂದು ರೂಢಿ ಮಾಡಿದಳು. ಒಂದು ಸಂಜೆ ಅವಳಿಗೆ ನೋಟ್ಸು ತರುವುದಿತ್ತೆಂದು ಬಾಬುಸಾಬ ಸಪ್ತಾಪುರಕ್ಕೆ ಅವಳೊಂದಿಗೆ ನಡೆದು ಹೊರಟಿದ್ದ. ಅವಳು ದಾರಿಯುದ್ದಕ್ಕೂ ಬೋರ್ಡುಗಳನ್ನು ಓದುತ್ತಿದ್ದಳು, ಕೋಚಿಂಗ್ ಕ್ಲಾಸಿನವು, ಖಾನಾವಳಿಯವು, ಝೆರಾಕ್ಸಿನವು, ಗಟ್ಟಿಯಾಗಿ, ಮಂದಿ ನೋಡುತ್ತಾರೆ ಎಂಬ ಪರಿವೆಯಿಲ್ಲದೆ. ಆಗ ಎದುರಿನಿಂದ ಜಯಾ ಬಂದಳು. ಕೈಯಲ್ಲಿ ಬೇರೆ ಯಾವುದೋ ಪರೀಕ್ಷೆಯ ದಪ್ಪನೆಯ ಪುಸ್ತಕ. ಬಾಬುಸಾಬನ ಕೈ ನಮಸ್ಕಾರಕ್ಕೆಂದು ತಾನಾಗಿ ಎದೆಯವರೆಗೆ ಏರಿತು. ಅವಳು ಹತ್ತು ಹೆಜ್ಜೆ ದೂರದಲ್ಲಿದ್ದಳು, ಐದು, ಎರಡು. ಪಕ್ಕದಿಂದ ಹಾದು ಹೋದಳು. ಅವನು ತಿರುಗಿ ನಿಂತ. ಅವಳ ಹೆಜ್ಜೆ ತಡೆಯಲಿಲ್ಲ, ತಲೆ ಓರೆಯಾಗಲಿಲ್ಲ. ಅವಳಿಗೆ ಕಂಡಿರಲಿಕ್ಕಿಲ್ಲ, ಸಂಜೆಗೆ ಇವರಿಗೆ ಮುಖ ಗೊತ್ತಾಗುವುದಿಲ್ಲ, ಕೂಗಿದರೆ ನಿಂತಾಳು. ಇಲ್ಲ, ಚಿಕಿತ್ಸೆಯ ಮೇಲೆ ಇಷ್ಟು ಹತ್ತಿರದಿಂದ ಕಾಣದೇ ಇರುತ್ತದೆಯೇ. ಕಂಡರೆ ಒಳ್ಳೆಯದೋ, ಕಾಣದಿದ್ದರೆ ಒಳ್ಳೆಯದೋ? ಏನನ್ನು ಬೇಡಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

"ಯಾರಪ್ಪಾ ಅಕಿ?" ಎಂದು ಕೇಳಿದಳು ಹುಸ್ನಾ.

"ಒಬ್ಬಾಕಿ ಗಿರಾಕಿ. ಆಕಿಗೆ ನಾ ಕಾಣಲಿಲ್ಲಂತ ಕಾಣ್ತೈತಿ."

"ಆಕಿಗೆ ಕಂಡ್ರಿ ಅಪ್ಪಾ," ಎಂದಳು ಹುಸ್ನಾ. "ಅಲ್ಲಿಂದ ನಿಮ್ಮನ್ನ ನೋಡಕೋತನ ಬಂದ್ಲು."

ಅವನು ಎದೆಯ ಮೇಲಿದ್ದ ಕೈಯನ್ನು ಇಳಿಸಿದ. ಹುಸ್ನಾ ಮುಂದಿನ ಬೋರ್ಡು ಓದತೊಡಗಿದ್ದಳು.